ಅಡುಗೆಮನೆ ಕೆಲಸ: ಜಿಐ ಪೈಪ್ ತೆಗೆಸುತ್ತಿದ್ದೇವೆ, ವೈರಿಂಗೂ ಈಗಲೇ ಮಾಡಿಸಬೇಕಾ?

ಸರಸ್ವತಿಪುರಂ ಸೊಸೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮಾವ 1978ರಲ್ಲಿ ಕಟ್ಟಿಸಿದ ಮನೆ ಇದೆ. ಒಂದೇ ಅಂತಸ್ತು, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ತಾರಸಿ ಮೇಲೆ ಟ್ಯಾಂಕು. ಈಗ ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೇವೆ. ಹಳೆ ಕಡಪ ಕಲ್ಲಿನ ಕಟ್ಟೆ ಒಡೆಸಿ ಗ್ರಾನೈಟ್ ಹಾಕಿಸಬೇಕು. ಸಿಂಕು ಈಗ ಬಾಗಿಲ ಪಕ್ಕದ ಕತ್ತಲೆ ಮೂಲೆಯಲ್ಲಿದೆ, ಅದನ್ನು ಕಿಟಕಿ ಕೆಳಗೆ ತರಬೇಕು. ದಸರಾಕ್ಕೆ ನಾದಿನಿ ಮನೆಯವರೆಲ್ಲ ಬರುತ್ತಾರೆ, ಅಷ್ಟರೊಳಗೆ ಮುಗಿಯಬೇಕು ಅಂತ ಅತ್ತೆಯ ಆಸೆ.

ನೀರಿನ ಪೈಪು ಪೂರ್ತಿ ಹಳೇ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣ. ಬೆಳಿಗ್ಗೆ ಮೊದಲ ಸಲ ನಲ್ಲಿ ತಿರುಗಿಸಿದರೆ ಕೆಂಚು ನೀರು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಧಾರೆ ತುಂಬಾ ಸಣ್ಣ. ಒಂದು ಬಿಂದಿಗೆ ತುಂಬುವುದರಲ್ಲಿ ಸಾಕಾಗಿ ಹೋಗುತ್ತದೆ. ಪ್ಲಂಬರ್ ಹೇಳುವುದು, ಸಿಂಕಿನ ಹತ್ತಿರ ಮಾತ್ರ ಸಿಪಿವಿಸಿ (ಪ್ಲಾಸ್ಟಿಕ್ ಪೈಪು) ಹಾಕಿ ಹಳೆ ಪೈಪಿಗೆ ಸೇರಿಸಿದರೆ ಸಾಕು ಅಂತ.

ಕರೆಂಟಿನ ಕಥೆ ಇನ್ನೊಂದು. ಅಡುಗೆಮನೆಗೆಲ್ಲ ಒಂದೇ ಬೋರ್ಡು. 15 ಆಂಪಿನ ಸಾಕೆಟ್ ಒಂದು, 5 ಆಂಪಿನದು ಎರಡು. ಮೀಟರ್ ಹತ್ತಿರ ಇನ್ನೂ ಪಿಂಗಾಣಿ ಫ್ಯೂಸು. ನಮಗೆ ಇಂಡಕ್ಷನ್, ಮೈಕ್ರೊವೇವ್, ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ಆರ್‌ಒ, ಚಿಮಣಿ ಎಲ್ಲ ಬೇಕು. ಮುಂದೆ ಡಿಶ್‌ವಾಷರ್ ತೆಗೆದುಕೊಳ್ಳುವ ಯೋಚನೆಯೂ ಇದೆ. ಎಲೆಕ್ಟ್ರಿಷಿಯನ್ "ಇದೇ ಬೋರ್ಡಿಂದ ಲೈನ್ ಎಳೆದು ನಾಲ್ಕು ಸಾಕೆಟ್ ಕೊಟ್ಟರೆ ಆಯ್ತು ಮೇಡಂ" ಅನ್ನುತ್ತಾರೆ. ಕಪಾಟಿನವರು ಅಳತೆ ತೆಗೆದುಕೊಂಡು ಹೋಗಿದ್ದಾರೆ, ಅವರಿಗೆ ಅವಸರ.

ಇನ್ನೊಂದು ವಿಷಯ. ಗ್ರೈಂಡರ್ ಓಡುತ್ತಿರುವಾಗ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂದು ಅತ್ತೆ ಆಗಾಗ ಹೇಳುತ್ತಾರೆ. ನೆಲ ಒದ್ದೆ ಇದ್ದರೆ ಹಾಗಾಗುತ್ತದೆ ಅಂತ ನಮ್ಮವರು ಸುಮ್ಮನಾಗಿದ್ದಾರೆ. ಇದಕ್ಕೂ ಈ ಕೆಲಸಕ್ಕೂ ಸಂಬಂಧ ಇದೆಯಾ ಗೊತ್ತಿಲ್ಲ, ಆದರೂ ಬರೆದೆ.

ಪೈಪು, ವೈರಿಂಗು ಎರಡನ್ನೂ ಪೂರ್ತಿ ಬದಲಾಯಿಸಬೇಕಾ, ಇಲ್ಲ ಬೇಕಾದಷ್ಟು ಮಾತ್ರವಾ? ಅನುಭವ ಇರುವವರು ದಯವಿಟ್ಟು ಹೇಳಿ.

ವಿದ್ಯಾರಣ್ಯಪುರಂ:

ನಾವು ಹೋದ ವರ್ಷ ಮಾಡಿಸಿದೆವು. ಸಿಂಕು ಜಾಗ ಬದಲಾಯಿಸುತ್ತೀರಿ ಅಂದರೆ ಮೊದಲು ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಕಟ್ಟೆ, ಟೈಲ್ಸು ಎಲ್ಲ ಆಮೇಲೆ. ಕಿಟಕಿ ಗೋಡೆಯ ಆಚೆಗೆ ಹಿತ್ತಲು ಇದ್ದರೆ ನಿಮ್ಮ ಅದೃಷ್ಟ, ಗೋಡೆಯಿಂದ ನೇರ ಹೊರಗೆ ಬಿಡಬಹುದು. ನೆಲದಡಿ ಅಡುಗೆಮನೆ ದಾಟಿಸಿಕೊಂಡು ಹೋಗಬೇಕಾದರೆ ಇಳಿಜಾರು ಸಿಗುತ್ತದಾ ಅಂತ ಮೇಸ್ತ್ರಿ ಹತ್ತಿರ ದಾರ ಹಿಡಿಸಿ ನೋಡಿಸಿ.

ವೈರ್‌ಮ್ಯಾನ್ ಮೇಷ್ಟ್ರು:

ಅಮ್ಮಾ, ನಾನು ಐಟಿಐನಲ್ಲಿ ವೈರ್‌ಮ್ಯಾನ್ ಟ್ರೇಡ್ ಕಲಿಸುತ್ತಿದ್ದವನು, ಈಗ ನಿವೃತ್ತ. ನೀವು ಕೊನೆಗೆ "ಆದರೂ ಬರೆದೆ" ಅಂದಿರಲ್ಲ, ಆ ಮಾತೇ ಎಲ್ಲಕ್ಕಿಂತ ಮುಖ್ಯ. ಮಿಕ್ಕ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ.

ಇವತ್ತಿನಿಂದಲೇ ಆ ಗ್ರೈಂಡರ್ ಹಾಕಬೇಡಿ. ಪ್ಲಗ್ ತೆಗೆದಿಡಿ. ಅತ್ತೆಯವರಿಗೆ ಆಗುತ್ತಿರುವುದು ನಿಜವಾದ ಶಾಕು. ಒದ್ದೆ ನೆಲ ಕರೆಂಟು ಹುಟ್ಟಿಸುವುದಿಲ್ಲ. ನಲ್ಲಿಗೆ ಬಂದಿರುವ ಕರೆಂಟು ಮೈಮೂಲಕ ಇಳಿದು ಹೋಗುವುದಕ್ಕೆ ದಾರಿ ಮಾಡಿಕೊಡುತ್ತದೆ ಅಷ್ಟೆ. ಇವತ್ತು ಜುಮ್ ಅನ್ನುವುದು ನಾಳೆ ಇನ್ನೂ ಜೋರಾಗಬಹುದು. ದೊಡ್ಡವರು ಹೇಳಿದ್ದನ್ನು ನಂಬಿ.

ನಲ್ಲಿಗೆ ಕರೆಂಟು ಹೇಗೆ ಬಂತು? ಆ ಕಾಲದಲ್ಲಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಅರ್ಥಿಂಗ್‌ಗೆ (ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಏರ್ಪಾಡು) ಬೇರೆ ಗುಂಡಿ ತೋಡುತ್ತಿರಲಿಲ್ಲ. ಅರ್ಥ್ ತಂತಿಯನ್ನು ನೀರಿನ ಜಿಐ ಪೈಪಿಗೆ ಸುತ್ತಿ ಬಿಡುತ್ತಿದ್ದರು. ಆಗ ಅದು ಒಂದು ಮಟ್ಟಿಗೆ ನಡೆಯುತ್ತಿತ್ತು, ಯಾಕೆಂದರೆ ಕಬ್ಬಿಣದ ಪೈಪು ಮನೆಯಿಂದ ರಸ್ತೆತನಕ ಮಣ್ಣಿನೊಳಗೇ ಹೋಗುತ್ತಿತ್ತು. ಸೋರಿದ ಕರೆಂಟು ಮಣ್ಣಿಗೆ ಇಳಿದುಬಿಡುತ್ತಿತ್ತು. ಈಗ ಹೊರಗೆ ಬಂದು ನಿಮ್ಮ ನೀರಿನ ಮೀಟರ್ ನೋಡಿ. ರಸ್ತೆಯಿಂದ ಮೀಟರ್‌ವರೆಗೆ ಪ್ಲಾಸ್ಟಿಕ್ ಪೈಪು ಬಂದಿದೆಯಾ? ಬಂದಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಅರ್ಧಕ್ಕೆ ತುಂಡಾಗಿದೆ ಅಂತ ಅರ್ಥ. ಹಳೆ ಗ್ರೈಂಡರಿನ ಮೋಟಾರಿನಿಂದ ಸ್ವಲ್ಪ ಕರೆಂಟು ಸೋರುತ್ತಿದೆ, ಅದು ಮೂರನೇ ಪಿನ್ನಿನ ತಂತಿ ಹಿಡಿದು ಪೈಪಿಗೆ ಬರುತ್ತಿದೆ, ಅಲ್ಲಿಂದ ಮುಂದೆ ಹೋಗಲು ದಾರಿ ಇಲ್ಲದೆ ನಲ್ಲಿಯಲ್ಲಿ ಕೂತಿದೆ.

ಈಗ ನಿಮ್ಮ ಪ್ಲಂಬರ್ ಏನು ಮಾಡಲು ಹೊರಟಿದ್ದಾರೆ? ಸಿಂಕಿನ ಹತ್ತಿರವಾಗಲಿ, ಪೂರ್ತಿಯಾಗಲಿ, ಉಳಿದಿರುವ ಕಬ್ಬಿಣದ ಪೈಪು ತೆಗೆದು ಸಿಪಿವಿಸಿ ಹಾಕುತ್ತಾರೆ. ಪೈಪಿನ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ. ಆದರೆ ಪ್ಲಾಸ್ಟಿಕ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಅರ್ಥ್ ತಂತಿ ಸುತ್ತಿರುವ ಪೈಪು ಮಣ್ಣಿನಿಂದ ಪೂರ್ತಿ ಬೇರೆಯಾದ ದಿನ, ನಿಮ್ಮ ಮನೆಯ ಎಲ್ಲ ಸಾಕೆಟ್ಟಿನ ಮೂರನೇ ತೂತು ಸುಳ್ಳಾಗುತ್ತದೆ. ಅಷ್ಟೇ ಅಲ್ಲ. ಆ ತಂತಿ ಎಲ್ಲ ಸಾಕೆಟ್ಟುಗಳನ್ನೂ ಒಂದಕ್ಕೊಂದು ಜೋಡಿಸಿರುತ್ತದೆ. ಗ್ರೈಂಡರಿನಲ್ಲಿ ಸೋರಿದ ಕರೆಂಟು ಫ್ರಿಜ್ಜಿನ ಬಾಗಿಲಿಗೆ ಬರಬಹುದು, ವಾಷಿಂಗ್ ಮೆಷಿನ್ನಿನ ಮೈಗೆ ಬರಬಹುದು. ಯಾವುದು ಕೆಟ್ಟಿದೆ, ಎಲ್ಲಿ ಶಾಕು ಹೊಡೆಯುತ್ತಿದೆ ಅಂತ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಲಂಬರ್‌ಗೆ ಪೈಪು ಗೊತ್ತು, ಎಲೆಕ್ಟ್ರಿಷಿಯನ್‌ಗೆ ತಂತಿ ಗೊತ್ತು. ಇವೆರಡೂ ಸೇರುವ ಜಾಗವನ್ನು ನೋಡುವವರು ಯಾರೂ ಇರುವುದಿಲ್ಲ. ಅದಕ್ಕೇ ಇಬ್ಬರನ್ನೂ ಒಂದೇ ದಿನ ಮನೆಗೆ ಕರೆಸಿ, ಎದುರಿಗೆ ನಿಲ್ಲಿಸಿ ಮಾತಾಡಿಸಿ ಅಂತ ಹೇಳುವುದು.

ಹಾಗಾಗಿ ಪೈಪಿಗೆ ಕೈ ಹಾಕುವ ಮುಂಚೆಯೇ ಹಿತ್ತಲಲ್ಲಿ ಹೊಸ ಅರ್ಥ್ ಗುಂಡಿ ಆಗಬೇಕು. ನಮ್ಮ ದೇಶದ ಅರ್ಥಿಂಗ್ ಮಾನದಂಡ ಐಎಸ್ 3043. ಜಿಐ ಪೈಪಿನ ಅರ್ಥ್ ಅಂದರೆ ಸಾಮಾನ್ಯವಾಗಿ 40 ಎಂಎಂ ವ್ಯಾಸ, ಎರಡೂವರೆ ಮೀಟರ್ ಉದ್ದ. ಸುತ್ತ ಇದ್ದಿಲು, ಉಪ್ಪು ಹಾಕಿ ತುಂಬುತ್ತಾರೆ. ಮೇಲೆ ಒಂದು ಸಣ್ಣ ಛೇಂಬರ್ ಕಟ್ಟಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಅಲ್ಲಿಂದ ದಪ್ಪ ಅರ್ಥ್ ತಂತಿ ನೇರ ಡಿಬಿಗೆ (ಮನೆಯ ಲೈನುಗಳೆಲ್ಲ ಹೊರಡುವ ಮುಖ್ಯ ಪೆಟ್ಟಿಗೆ) ಬರಬೇಕು. ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟರ್ ಇಟ್ಟು ಅಳೆದು ತೋರಿಸಲು ಹೇಳಿ. ಬಲ್ಬು ಹಚ್ಚಿ "ನೋಡಿ ಉರೀತು" ಅಂದರೆ ಅದು ಪರೀಕ್ಷೆ ಅಲ್ಲ. ಅರ್ಥ್ ಕಳಪೆಯಾಗಿದ್ದರೂ ಬಲ್ಬು ಉರಿಯುತ್ತದೆ.

ಇನ್ನು ವೈರಿಂಗ್. ಅದೇ ಬೋರ್ಡಿಂದ ಎಳೆಯುವ ಮಾತು ಬೇಡವೇ ಬೇಡ. ಲೆಕ್ಕ ಹಾಕೋಣ. ನಮ್ಮಲ್ಲಿ 230 ವೋಲ್ಟು. 2000 ವ್ಯಾಟಿನ ಇಂಡಕ್ಷನ್ ಒಂದೇ 8.7 ಆಂಪು ಎಳೆಯುತ್ತದೆ. 1500 ವ್ಯಾಟಿನ ಕೆಟಲ್ ಆರೂವರೆ ಆಂಪು. ಬೆಳಿಗ್ಗೆ ಏಳೂವರೆಗೆ ಇವೆರಡೇ ಒಟ್ಟಿಗೆ ನಡೆದರೆ 15 ದಾಟಿತು. ಅದರ ಮೇಲೆ ಮಿಕ್ಸಿ ತಿರುಗಬೇಕು, ಮೈಕ್ರೊವೇವ್ ಓಡಬೇಕು. ಸಾಕೆಟ್ಟು ಜಾಸ್ತಿ ಮಾಡಿದರೆ ಹಿಂದಿನ ತಂತಿ ದಪ್ಪ ಆಗುವುದಿಲ್ಲ, ಅಲ್ವಾ? 1978ರ ಮನೆ ಅಂದರೆ ಒಳಗೆ ಅಲ್ಯೂಮಿನಿಯಂ ತಂತಿ ಇರುವ ಸಾಧ್ಯತೆ ಜಾಸ್ತಿ. ಸ್ವಿಚ್ ಬೋರ್ಡು ಬಿಚ್ಚಿಸಿ ನೋಡಿ, ಬೆಳ್ಳಗೆ ಕಂಡರೆ ಅದೇ. (ಹಳೆ ತಾಮ್ರಕ್ಕೂ ತವರದ ಲೇಪ ಇರುತ್ತದೆ, ಸ್ವಲ್ಪ ಕೆರೆದು ನೋಡಬೇಕು.) ಅದಕ್ಕೆ ಹೊಸ ತಾಮ್ರದ ತಂತಿ ತಿರುಚಿ ಟೇಪು ಸುತ್ತಿದರೆ ಆ ಗಂಟು ಕಾಲಕ್ರಮೇಣ ಸಡಿಲವಾಗಿ ಕಾಯುತ್ತದೆ. ಗೋಡೆಯೊಳಗೆ, ನಿಮ್ಮ ಹೊಸ ಕಪಾಟಿನ ಹಿಂದೆ.

ಡಿಬಿಯಿಂದಲೇ ಅಡುಗೆಮನೆಗೆ ಹೊಸ ಲೈನುಗಳು ಬರಲಿ. ದೀಪ, ಚಿಮಣಿಗೆ ಒಂದು, 1.5 ಚದರ ಎಂಎಂ ತಂತಿ. ಕಟ್ಟೆ ಮೇಲಿನ ಸಾಕೆಟ್ಟುಗಳಿಗೆ ಎರಡು ಬೇರೆ ಬೇರೆ ಲೈನು, 2.5 ಚದರ ಎಂಎಂ, ಒಂದೊಂದಕ್ಕೂ 16 ಆಂಪಿನ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು). ಇಂಡಕ್ಷನ್ ಒಂದರ ಮೇಲೆ, ಕೆಟಲ್, ಮೈಕ್ರೊವೇವ್ ಇನ್ನೊಂದರ ಮೇಲೆ. ಡಿಶ್‌ವಾಷರ್‌ಗೆ ಈಗಲೇ 4 ಚದರ ಎಂಎಂ ಲೈನು ಪ್ರತ್ಯೇಕವಾಗಿ ಎಳೆಸಿಡಿ, ಯಂತ್ರ ಯಾವಾಗ ಬೇಕಾದರೂ ಬರಲಿ. ಫ್ರಿಜ್ಜಿಗೂ ಬೇರೆ ಲೈನು ಕೊಟ್ಟರೆ ಒಳ್ಳೆಯದು. ಪಿಂಗಾಣಿ ಫ್ಯೂಸು ತೆಗೆಸಿ ಡಿಬಿ ಹಾಕಿಸುವಾಗ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಕಡ್ಡಾಯ ಅಂತ ತಿಳಿಯಿರಿ. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಆರ್‌ಸಿಸಿಬಿ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆ ಮನೆಗಳಲ್ಲಿ ಎರಡು ಮೂರು ಲೈನಿಗೆ ಒಂದೇ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಹಂಚಿರುತ್ತಾರೆ. ಯುಪಿಎಸ್ ಹಾಕಿದವರಂತೂ ನ್ಯೂಟ್ರಲನ್ನು ಎಲ್ಲೋ ಒಂದು ಕಡೆ ಸೇರಿಸಿಬಿಟ್ಟಿರುತ್ತಾರೆ. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಅದರ ಕೆಲಸವೇ ಅದು. ಆಗ ಬಂದವರು "ಪೀಸ್ ಸರಿ ಇಲ್ಲ, ತೆಗೆದುಬಿಡೋಣ" ಅನ್ನುತ್ತಾರೆ. ತೆಗೆಸಬೇಡಿ. ನ್ಯೂಟ್ರಲ್ ಬೇರ್ಪಡಿಸಿ ಕೊಡಿ ಅನ್ನಿ. ಅಡುಗೆಮನೆಯ ಹೊಸ ಲೈನುಗಳಿಗೆ ಅವುಗಳದ್ದೇ ನ್ಯೂಟ್ರಲ್ ಇದ್ದರೆ ಮೊದಲಿಗೆ ಅಷ್ಟು ಭಾಗಕ್ಕಾದರೂ ಆರ್‌ಸಿಸಿಬಿ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಮಿಕ್ಕ ಕೋಣೆಗಳನ್ನು ದುಡ್ಡು ಕೂಡಿದಾಗ ಮಾಡಿಸಿ.

ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ, ನೋಡಿ. ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಸೆಸ್ಕ್ (ಮೈಸೂರಿಗೆ ಕರೆಂಟು ಕೊಡುವ ನಿಗಮ) ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕು. ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಲೇ ಮಾಡಿಸಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಇರುವುದರಿಂದ ಸ್ವಲ್ಪ ಏರುತ್ತದೆ, ಅದಕ್ಕೆ ಹೆದರಿ ಬಿಡಬೇಡಿ.

ಸಾಕೆಟ್ಟು ಸಿಂಕಿನಿಂದ ಒಂದೆರಡು ಅಡಿಯಾದರೂ ದೂರ ಇರಲಿ. ಒಲೆಯ ನೇರ ಮೇಲೆ ಬೇಡ. ಡಿಶ್‌ವಾಷರ್ ಸಾಕೆಟ್ಟು ಪಕ್ಕದ ಕಪಾಟಿನಲ್ಲಿ, ಅದರ ಸ್ವಿಚ್ಚು ಕೈಗೆ ಸಿಗುವಂತೆ ಕಟ್ಟೆ ಮೇಲೆ. ಗ್ಯಾಸ್ ಸಿಲಿಂಡರ್ ಇಡುವ ಕಪಾಟಿನೊಳಗೆ ಸ್ವಿಚ್ಚು, ಸಾಕೆಟ್ಟು ಯಾವುದೂ ಇರಕೂಡದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನೆಲದಲ್ಲೇ ಕೂರುತ್ತದೆ. ಆ ಬಾಗಿಲಿನ ಕೆಳಭಾಗದಲ್ಲಿ ಗಾಳಿಗೆ ತೂತು ಬಿಡಿಸಿ. ಕಪಾಟಿನವರು ಅಂದ ಕೆಡುತ್ತದೆ ಅಂತಾರೆ, ಕೇಳಬೇಡಿ.

ಮಂಡ್ಯ ನಲ್ಲಿ ಕೆಲಸ:

ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ನಾನು ಮಂಡ್ಯದಲ್ಲಿ ಪ್ಲಂಬಿಂಗ್ ಮಾಡುತ್ತೇನೆ. ಹಳೆ ಮನೆಯಲ್ಲಿ ಜಿಐ ಬಿಚ್ಚುವಾಗ ಪೈಪಿಗೆ ತಂತಿ ಸುತ್ತಿರುವುದು ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ ಮನೆಯವರನ್ನು ಕರೆಯುತ್ತೇನೆ. ಮೈನ್ ಆಫ್ ಮಾಡದೆ ಅದನ್ನು ಕತ್ತರಿಸಬಾರದು.

ಪೈಪಿನ ವಿಷಯಕ್ಕೆ ಬರುತ್ತೇನೆ ಅಕ್ಕ. ಸಿಂಕಿನ ಹತ್ತಿರ ಮಾತ್ರ ಬದಲಾಯಿಸಿದರೆ ನಿಮ್ಮ ಸಣ್ಣ ಧಾರೆ ಸಣ್ಣದಾಗಿಯೇ ಇರುತ್ತದೆ. ಜಿಐ ಒಳಗಡೆ ಸತುವಿನ ಲೇಪ ಹೋಗಿ ತುಕ್ಕು ಗಡ್ಡೆ ಕಟ್ಟಿರುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟೂ ಜಾಗ ಉಳಿದಿರುವುದಿಲ್ಲ. ರಾತ್ರಿಯೆಲ್ಲ ನೀರು ನಿಂತು ತುಕ್ಕು ಬಿಡುವುದರಿಂದಲೇ ಬೆಳಿಗ್ಗೆ ಕೆಂಚು ನೀರು ಬರುವುದು. ಇನ್ನೊಂದು ತೊಂದರೆ, ಹಳೆ ಜಿಐ ಒಂದು ಜಾಯಿಂಟ್ ತಿರುಗಿಸಿದರೆ ಗೋಡೆಯೊಳಗಿನ ಮುಂದಿನ ಜಾಯಿಂಟ್ ಅಲ್ಲಾಡುತ್ತದೆ. ಈಗ ಸೋರುವುದಿಲ್ಲ. ಟೈಲ್ಸ್ ಅಂಟಿಸಿದ ಮೇಲೆ ಸೋರುತ್ತದೆ. ತಾರಸಿ ಟ್ಯಾಂಕಿನಿಂದ ಅಡುಗೆಮನೆವರೆಗೆ ಪೂರ್ತಿ ಹೊಸ ಲೈನು ಎಳೆಸಿ. ಮುಕ್ಕಾಲು ಇಂಚಿನದು ಕೆಳಗೆ ಇಳಿದು ಬರಲಿ, ನಲ್ಲಿ ಹತ್ತಿರ ಅರ್ಧ ಇಂಚು ಆಗಲಿ. ಅಡುಗೆಮನೆಗೆ ಅಂತಲೇ ಒಂದು ಬಾಲ್ ವಾಲ್ವ್ ಇರಲಿ.

ನಿಮ್ಮದು ಒಂದೇ ಅಂತಸ್ತು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಅಂತ ಲೆಕ್ಕ. ನಿಮ್ಮ ಟ್ಯಾಂಕಿಗೂ ನಲ್ಲಿಗೂ ಮೂರು ಮೀಟರ್ ಅಂತರ ಇದ್ದರೆ 0.3 ಬಾರ್ ಸಿಕ್ಕೀತು. ಎಳೆದು ತೊಳೆಯುವ ಫ್ಯಾನ್ಸಿ ನಲ್ಲಿ, ಡಿಶ್‌ವಾಷರ್ ತೆಗೆದುಕೊಳ್ಳುವ ಮುಂಚೆ ಅದಕ್ಕೆ ಕನಿಷ್ಠ ಎಷ್ಟು ಒತ್ತಡ ಬೇಕು ಅಂತ ಡಬ್ಬಿ ಮೇಲೆ ಓದಿ. ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸಿದರೆ ಸ್ವಲ್ಪ ಅನುಕೂಲ. ಕಾವೇರಿ ನೀರು ನೇರವಾಗಿ ಬರುವ ನಲ್ಲಿ ಒಂದು ಅಡುಗೆಮನೆಯಲ್ಲಿ ಪ್ರತ್ಯೇಕ ಇರಲಿ. ಕುಡಿಯಲು, ಅಡುಗೆಗೆ ಅದೇ ಸಾಕು. ಬೋರ್ ನೀರು ಬೆರೆತರೆ ನಲ್ಲಿ ತುದಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಆರ್‌ಒ ಫಿಲ್ಟರೂ ಬೇಗ ಹೋಗುತ್ತದೆ. ಕಾವೇರಿ ಲೈನನ್ನು ಟ್ಯಾಂಕ್ ಲೈನಿಗೆ ಎಲ್ಲೂ ಸೇರಿಸಬೇಡಿ.

ಸಿಪಿವಿಸಿಗೆ ಅದರದ್ದೇ ಅಂಟು ಬೇಕು. ಯುಪಿವಿಸಿ ಅನ್ನುವ ಬೇರೆ ಪ್ಲಾಸ್ಟಿಕ್ ಪೈಪಿನ ಅಂಟಿನ ಡಬ್ಬಿ ಉಳಿದಿದೆ ಅಂತ ಅದನ್ನೇ ಹಚ್ಚುವವರಿದ್ದಾರೆ, ಬಿಡಬೇಡಿ. ನಲ್ಲಿ ಕೂರುವ ಕಡೆ ಹಿತ್ತಾಳೆ ಥ್ರೆಡ್ಡಿನ ಫಿಟ್ಟಿಂಗೇ ಹಾಕಿಸಿ. ಅಂಟಿಸಿದ ಮೇಲೆ ಒಂದು ದಿನ ಬಿಟ್ಟು ಪ್ರೆಷರ್ ಪಂಪ್ ಇಟ್ಟು ಟೆಸ್ಟ್ ಮಾಡಿಸಿ, ರಾತ್ರಿಯೆಲ್ಲ ಮುಳ್ಳು ಇಳಿಯದೆ ನಿಲ್ಲಬೇಕು. ಅದಾದ ಮೇಲೆಯೇ ಗಾರೆ.

ಸಿಂಕಿನ ಕೊಳಚೆ ಪೈಪು ಎರಡು ಇಂಚಿಗಿಂತ ಕಡಿಮೆ ಬೇಡ. ನಾಲ್ಕು ಅಡಿಗೆ ಒಂದು ಇಂಚಾದರೂ ಇಳಿಜಾರು ಇರಬೇಕು. ತಿರುವಿನಲ್ಲಿ ನೇರ ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸಿ. ಮುದ್ದೆ ಪಾತ್ರೆ ತೊಳೆಯುವ ಮನೆ ನಮ್ಮವು, ರಾಗಿ ಅಂಟು ತಿರುವಿನಲ್ಲೇ ಹಿಡಿಯುವುದು. ಪಾತ್ರೆಯನ್ನು ನೆನೆಸಿ ಕೆರೆದು ಆಮೇಲೆ ಸಿಂಕಿಗೆ ಹಾಕಿ. ಕುದಿಯುವ ಗಂಜಿಯನ್ನು ಹಾಗೇ ಬಗ್ಗಿಸಬೇಡಿ, ಪಿವಿಸಿ ಪೈಪು ಮೆತ್ತಗಾಗಿ ಜೋತು ಬೀಳುತ್ತದೆ. ಜೊತೆಗೆ ತಣ್ಣೀರು ಬಿಟ್ಟುಕೊಳ್ಳಿ.

ವಿದ್ಯಾರಣ್ಯಪುರಂ:

ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ಆರ್‌ಒ ಕೂರಿಸಲು ಬಂದವರು ಡ್ರಿಲ್ ಹಿಡಿದಾಗ ಆ ಫೋಟೊನೇ ಕಾಪಾಡಿದ್ದು.

ಸರಸ್ವತಿಪುರಂ ಸೊಸೆ:

ಮೇಷ್ಟ್ರೇ, ಮಂಡ್ಯದಣ್ಣ, ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆವು. ನೀವು ಹೇಳಿದ ಹಾಗೇ ಇದೆ. ಬಚ್ಚಲುಮನೆ ಹಿಂದೆ ಜಿಐ ಪೈಪಿಗೆ ಅರ್ಥ್ ತಂತಿ ಸುತ್ತಿದ್ದಾರೆ. ಮೀಟರ್‌ನಿಂದ ರಸ್ತೆವರೆಗೆ ಪ್ಲಾಸ್ಟಿಕ್. ಬೋರ್ಡಿನೊಳಗೆ ಅಲ್ಯೂಮಿನಿಯಂ ತಂತಿ. ಗ್ರೈಂಡರ್ ಪಕ್ಕಕ್ಕಿಟ್ಟಿದ್ದೇವೆ, ಆಮೇಲೆ ನಲ್ಲಿ ಜುಮ್ ಅಂದಿಲ್ಲ. ಅತ್ತೆ ಈಗ ಎಲ್ಲರಿಗೂ "ನಾನು ಹೇಳಿರಲಿಲ್ವಾ" ಅನ್ನುತ್ತಿದ್ದಾರೆ, ಅವರ ಮಾತು ನಿಜವಾಗಿತ್ತು.

ಕಪಾಟಿನವರಿಗೆ ತಡವಾಗಿ ಬನ್ನಿ ಅಂದಿದ್ದೇವೆ. ಮೊದಲು ಅರ್ಥ್, ಆಮೇಲೆ ಪೈಪು, ಆಮೇಲೆ ಲೈನು. ದಸರಾಕ್ಕೆ ಆಗದಿದ್ದರೆ ನಡುಮನೆಯಲ್ಲೇ ಒಲೆ ಇಟ್ಟು ಅಡುಗೆ ಮಾಡುತ್ತೇವೆ. ನಮ್ಮವರದ್ದು ಒಂದು ಪ್ರಶ್ನೆ: ಆರ್‌ಸಿಸಿಬಿ ಹಾಕಿಸುತ್ತೇವಲ್ಲ, ಅರ್ಥ್ ಗುಂಡಿ ಖರ್ಚು ಬೇಕೇ ಬೇಕಾ? ಮತ್ತೆ ಗೋಡೆ ಕೊರೆಯುವಾಗ ಅಡ್ಡಡ್ಡ ಕೊರೆಯಬಾರದು ಅಂತ ಮೇಸ್ತ್ರಿ ಜಗಳ ಮಾಡುತ್ತಿದ್ದಾರೆ.

ವೈರ್‌ಮ್ಯಾನ್ ಮೇಷ್ಟ್ರು:

ಬೇಕೇ ಬೇಕು ಅಮ್ಮಾ. ಅರ್ಥ್ ಇದ್ದರೆ ಯಂತ್ರದಲ್ಲಿ ಕರೆಂಟು ಸೋರಿದ ಕ್ಷಣವೇ ಅದು ಮಣ್ಣಿಗೆ ಹರಿದು ಆರ್‌ಸಿಸಿಬಿ ಬೀಳುತ್ತದೆ, ಯಾರೂ ಮುಟ್ಟುವ ಮುಂಚೆ. ಅರ್ಥ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಗೊತ್ತಾಗುವುದು ಒಬ್ಬರು ಮುಟ್ಟಿ ಕರೆಂಟು ಅವರ ಮೈಮೂಲಕ ಹರಿದಾಗ. ನಿಮ್ಮವರಿಗೆ ಇದನ್ನು ಹೇಳಿ, ಅವರೇ ಗುಂಡಿ ತೋಡಿಸುತ್ತಾರೆ. ಆರ್‌ಸಿಸಿಬಿ ಮೇಲೆ ಟೆಸ್ಟ್ ಅಂತ ಒಂದು ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡುತ್ತಿರಿ.

ಮೇಸ್ತ್ರಿ ಸರಿಯಾಗಿ ಹೇಳುತ್ತಿದ್ದಾರೆ. ನಿಮ್ಮ ಮನೆಯಲ್ಲಿ ತಾರಸಿ ಭಾರ ಗೋಡೆ ಮೇಲೇ ನಿಂತಿದೆ. ಉದ್ದಕ್ಕೆ ಅಡ್ಡ ಕೊರೆದರೆ ಗೋಡೆ ಸೊರಗುತ್ತದೆ. ಪೈಪು, ತಂತಿ ಎರಡೂ ಮೇಲಿನಿಂದ ನೇರ ಕೆಳಗೆ ಇಳಿಯಲಿ, ಅಡ್ಡ ಹೋಗಬೇಕಾದದ್ದು ಕಟ್ಟೆಯ ಕೆಳಗೆ ಕಪಾಟಿನ ಹಿಂದೆ ಗೋಡೆಯ ಹೊರಮೈಯಲ್ಲೇ ಕ್ಲಾಂಪ್ ಹಾಕಿಕೊಂಡು ಹೋಗಲಿ. ತಂತಿ ಮೇಲೆ, ನೀರಿನ ಪೈಪು ಕೆಳಗೆ.

ಅರ್ಥ್ ಗುಂಡಿ ಪಾಯದಿಂದ ಒಂದೂವರೆ ಮೀಟರ್, ಅಂದರೆ ಸುಮಾರು ಐದು ಅಡಿ ದೂರ ಇರಲಿ. ಸಂಪಿನ ಪಕ್ಕ ಬೇಡ. ಹಾರೆ ಹಾಕುವ ಮುಂಚೆ ಹಿತ್ತಲಲ್ಲಿ ಡ್ರೈನ್ ಪೈಪು ಎಲ್ಲಿ ಹಾದು ಹೋಗಿದೆ ಅಂತ ಪ್ಲಂಬರ್ ಕೈಲಿ ಗುರುತು ಹಾಕಿಸಿಕೊಳ್ಳಿ.